ಹುಟ್ಟುಗುಣವೂ ಪರಿಸರವೂ



ನಮ್ಮ ಮನೆಗಳಲ್ಲಿ ಕೂಸು ಹುಟ್ಟಿದರೆ ಜಾತಕ ಬರೆಯಿಸುವುದಕ್ಕೆ ಮೊದಲೇ ಇನ್ನೊಂದು ನಿರ್ಣಯವಾಗಿ ಹೋಗುತ್ತದೆ. ಮೂಗು ತಾತನದು, ಬಣ್ಣ ಸೋದರತ್ತೆಯದು, ಹಟ ಸಾಕ್ಷಾತ್ ತಂದೆಯದು ಎಂದು ನೆರೆದ ಹೆಂಗಸರು ಹಂಚಿಕೊಟ್ಟುಬಿಡುತ್ತಾರೆ. ಮೂಗಿನ ವಿಷಯದಲ್ಲಿ ಈ ತೀರ್ಪು ಬಹುಮಟ್ಟಿಗೆ ಸರಿಯಿರಬಹುದು. ಹಟದ ವಿಷಯದಲ್ಲಿ ಅಷ್ಟು ಧೈರ್ಯವಾಗಿ ಹೇಳಲಾರೆವು. ಗಾದೆಗಳನ್ನು ಸಾಕ್ಷಿಗೆ ಕರೆಯೋಣವೆಂದರೆ, 'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎನ್ನುವ ಬಾಯಿಯೇ 'ಸಹವಾಸದಿಂದ ಸನ್ಯಾಸಿ ಕೆಟ್ಟ' ಎಂದೂ ಹೇಳುತ್ತದೆ.

ವಂಶ ಹೆಚ್ಚೋ ಪರಿಸರ ಹೆಚ್ಚೋ ಎಂಬ ಹಳೆಯ ವಾಗ್ವಾದವನ್ನು ಇಲ್ಲಿ ತೀರಿಸುವ ಉದ್ದೇಶ ನಮಗಿಲ್ಲ. ಆ ವಾದದ ನಡುವೆ ನುಸುಳಿಕೊಂಡಿರುವ ಒಂದು ತಪ್ಪು ತರ್ಕವನ್ನು ಮಾತ್ರ ನೋಡೋಣ. 'ಇದು ವಂಶದಿಂದ ಬಂದದ್ದು. ಆದುದರಿಂದ ಇದಕ್ಕೆ ಉಪಾಯವಿಲ್ಲ' ಎನ್ನುತ್ತೇವಷ್ಟೆ? ಮೊದಲ ಮಾತು ನಿಜವಾಗಿದ್ದರೂ ಎರಡನೆಯದು ಅದರಿಂದ ಹೊರಡುವುದಿಲ್ಲ.

1934ರಲ್ಲಿ ನಾರ್ವೆ ದೇಶದ ಒಬ್ಬ ತಾಯಿ ತನ್ನ ಇಬ್ಬರು ಮಕ್ಕಳನ್ನು ಆಸ್‌ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯನಲ್ಲಿಗೆ ಕರೆತಂದಳು. ಹುಟ್ಟುವಾಗ ಎರಡು ಮಕ್ಕಳೂ ಚೆನ್ನಾಗಿಯೇ ಇದ್ದುವು. ವಯಸ್ಸು ಬೆಳೆಯಿತು, ಬುದ್ಧಿ ಬೆಳೆಯಲಿಲ್ಲ. ಆಕೆ ಅದಾಗಲೇ ಅನೇಕ ವೈದ್ಯರ ಬಾಗಿಲು ಕಂಡಿದ್ದಳು; ಮಕ್ಕಳಿಂದ ಬರುತ್ತಿದ್ದ ಒಂದು ಮುಗ್ಗಲು ವಾಸನೆಯ ಕಾರಣವೇನೆಂಬ ಆಕೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಫೋಲಿಂಗನು ರಸಾಯನಶಾಸ್ತ್ರವನ್ನೂ ಬಲ್ಲವನು. ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡನ್ನು ಬೆರಸಲು ಅದು ಹಸುರುಬಣ್ಣಕ್ಕೆ ತಿರುಗಿತು. ಅಲ್ಲಿರಬಾರದ ಒಂದು ಆಮ್ಲ ಅಲ್ಲಿತ್ತು. ನಾವು ತಿನ್ನುವ ಸಸಾರಜನಕದಲ್ಲೆಲ್ಲ ಫೀನೈಲ್‌ಅಲನೀನ್ ಎಂಬ ಒಂದು ವಸ್ತುವಿದೆ. ಅದನ್ನು ಮಾರ್ಪಡಿಸಬೇಕಾದ ಕಿಣ್ವವು ಈ ಮಕ್ಕಳ ದೇಹದಲ್ಲಿ ಕೆಲಸ ಮಾಡುವುದಿಲ್ಲ. ವಸ್ತುವು ರಕ್ತದಲ್ಲಿ ಶೇಖರವಾಗಿ ಎಳೆಯ ಮಿದುಳನ್ನು ಕೆಡಿಸುತ್ತದೆ.

ಇದು ವಂಶಪಾರಂಪರ್ಯದ ರೋಗವೆಂಬುದರಲ್ಲಿ ಎಳ್ಳಷ್ಟೂ ಸಂಶಯವಿಲ್ಲ. ತಂದೆತಾಯಿಗಳಿಬ್ಬರೂ ಆರೋಗ್ಯವಂತರೇ, ಆದರೆ ಇಬ್ಬರಲ್ಲಿಯೂ ಕೆಟ್ಟ ವಂಶವಾಹಿ ಒಂದೊಂದು ಅಡಗಿರುತ್ತದೆ. ಎರಡೂ ಕೂಡುವ ಸಂಭವ ಹುಟ್ಟುವ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲೊಂದು. ಹಣೆಯ ಬರಹವೆಂದು ಕೈಚೆಲ್ಲುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು.

ಆದರೆ 1953ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಹೋರ್ಸ್ಟ್ ಬಿಕೆಲ್ ಮತ್ತು ಅವನ ಸಂಗಡಿಗರು ಒಂದು ವರದಿಯನ್ನು ಪ್ರಕಟಿಸಿದರು. ಸುಮಾರು ಎರಡು ವರ್ಷದ ಒಂದು ಹೆಣ್ಣು ಮಗು. ನಿಲ್ಲಲಾರದು, ಮಾತಿಲ್ಲ, ಅಳುತ್ತ ತಲೆ ಚಚ್ಚಿಕೊಳ್ಳುತ್ತಿತ್ತು. ಫೀನೈಲ್‌ಅಲನೀನನ್ನು ಆದಷ್ಟೂ ತೆಗೆದುಹಾಕಿದ ಆಹಾರವನ್ನು ಸಿದ್ಧಮಾಡಿ ಅದಕ್ಕೆ ಉಣಿಸಿದರು. ಕೆಲವು ತಿಂಗಳಲ್ಲಿ ಮಗು ಅಂಬೆಗಾಲಿಟ್ಟಿತು, ಎದ್ದು ನಿಂತಿತು, ಕುರ್ಚಿ ಹತ್ತಿತು. ಬಿಟ್ಟ ವಸ್ತುವನ್ನು ಪರೀಕ್ಷಾರ್ಥವಾಗಿ ಮತ್ತೆ ಸೇರಿಸಿದಾಗ ಕೆಲವೇ ದಿನಗಳಲ್ಲಿ ಹಿಂದಿನ ಅಳುವೂ ತಲೆ ಚಚ್ಚಿಕೊಳ್ಳುವುದೂ ಮರಳಿದುವು. ವಂಶವಾಹಿ ಎಳ್ಳಷ್ಟೂ ಬದಲಾಗಿರಲಿಲ್ಲ; ಬದಲಾದದ್ದು ಊಟ. ಆದರೆ ಆ ವೇಳೆಗೆ ಮಿದುಳಿಗೆ ಆಗಿದ್ದ ಹಾನಿ ಪೂರ್ತಿಯಾಗಿ ನೀಗುವಂತಿರಲಿಲ್ಲ. ಪಥ್ಯವು ಹುಟ್ಟಿದ ಕೆಲವೇ ದಿನಗಳಲ್ಲಿ ಆರಂಭವಾಗಬೇಕು. ಅದಕ್ಕೆ ದಾರಿ ಮಾಡಿಕೊಟ್ಟವನು ಅಮೆರಿಕದ ರಾಬರ್ಟ್ ಗಥ್ರೀ. ಅವನ ಮಗನೊಬ್ಬ ಬುದ್ಧಿಮಾಂದ್ಯದವನು. ಅವನ ಬಂಧುಗಳ ಮಗುವೊಂದಕ್ಕೆ ಈ ರೋಗವೇ ಇದ್ದಿತು. 1960ರ ಬಳಿಕ ಅವನು ಬಳಕೆಗೆ ತಂದ ಪರೀಕ್ಷೆಗೆ ಕೂಸಿನ ಹಿಮ್ಮಡಿಯಿಂದ ಕಾಗದದ ಮೇಲೆ ಇಳಿಸಿದ ನಾಲ್ಕು ತೊಟ್ಟು ರಕ್ತ ಸಾಕು.

ಇದೇ ಕಾಲದ ಇನ್ನೊಂದು ದಾರಿಯನ್ನೂ ಹೇಳದೆ ವಿಧಿಯಿಲ್ಲ. 1927ರಲ್ಲಿ ಅಮೆರಿಕದ ಪರಮೋಚ್ಚ ನ್ಯಾಯಾಲಯವು, ವಂಶದಿಂದ ಬುದ್ಧಿಹೀನಳೆಂಬ ಕಾರಣ ಕೊಟ್ಟು, ಕ್ಯಾರಿ ಬಕ್ ಎಂಬ ಯುವತಿಗೆ ಸಂತಾನಹರಣ ಚಿಕಿತ್ಸೆ ಮಾಡಬಹುದೆಂದು ತೀರ್ಪಿತ್ತಿತು. ಆಕೆ ಬುದ್ಧಿಹೀನಳೇ ಆಗಿರಲಿಲ್ಲವೆಂಬುದು ಬಹಳ ತಡವಾಗಿ ಬೆಳಕಿಗೆ ಬಂದಿತು. ಆ ದೇಶದಲ್ಲಿ ಇಂಥ ಕಾನೂನುಗಳಿಗೆ ತುತ್ತಾದವರು 60,000ಕ್ಕೂ ಹೆಚ್ಚು. ಜರ್ಮನಿಯಲ್ಲಿ 1933ರ ಕಾನೂನಿನಿಂದ ಸುಮಾರು 4 ಲಕ್ಷ. ಅಲ್ಲಿ ತೀರ್ಪು ಕೊಟ್ಟವರೂ ನಮ್ಮ ಹಾಗೆ ಓದಿದವರೇ.

ಎತ್ತರದ ವಿಷಯವನ್ನು ಚುಟುಕಾಗಿ ಹೇಳುತ್ತೇವೆ. ಚೆನ್ನಾಗಿ ಉಂಡು ಬೆಳೆದ ಒಂದು ಸಮಾಜದಲ್ಲಿ ಜನರ ಎತ್ತರದ ವ್ಯತ್ಯಾಸಗಳಲ್ಲಿ ನೂರಕ್ಕೆ ಸುಮಾರು 80 ಪಾಲು ವಂಶಕ್ಕೆ ಸೇರಿದ್ದೆಂದು ಶಾಸ್ತ್ರಜ್ಞರು ಲೆಕ್ಕಹಾಕುತ್ತಾರೆ. ಆದರೂ ಹಾಲೆಂಡಿನ ಗಂಡಸರ ಸರಾಸರಿ ಎತ್ತರ ಸುಮಾರು ನೂರೈವತ್ತು ವರ್ಷಗಳಲ್ಲಿ 15 ಸೆಂಟಿಮೀಟರಿಗೂ ಮಿಕ್ಕಿ ಏರಿತು. ಐದಾರು ತಲೆಮಾರಿನಲ್ಲಿ ಒಂದು ಜನಾಂಗದ ವಂಶಗುಣ ಅಷ್ಟು ಮಾರ್ಪಡುವುದಿಲ್ಲ. ಅನ್ನ, ಹಾಲು, ಶುದ್ಧವಾದ ನೀರು, ಕಡಮೆಯಾದ ಜಾಡ್ಯ, ಇವುಗಳ ಕೆಲಸವದು.

ಪರರ ತಪ್ಪನ್ನು ಇಷ್ಟು ಹೇಳಿದ ಮೇಲೆ ನಮ್ಮದನ್ನು ಮುಚ್ಚಿಡಲಾಗದು. ಕೆಲವು ವರ್ಷಗಳ ಕೆಳಗೆ ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಹಿಂದಿನ ಬೆಂಚು, ಹಲಗೆಯ ಮೇಲೆ ಬರೆದುದನ್ನು ಓದೆಂದರೆ ತಲೆ ತಗ್ಗಿಸುವನು. ಅವನ ಅಣ್ಣನೂ ನಮ್ಮಲ್ಲಿಯೇ ಎರಡು ಸಲ ತಪ್ಪಿ ಓದು ಬಿಟ್ಟವನು. 'ಆ ಮನೆತನಕ್ಕೆ ವಿದ್ಯೆ ಹತ್ತದು' ಎಂದು ಅಧ್ಯಾಪಕರ ಕೊಠಡಿಯಲ್ಲಿ ಹೇಳಿದವರು ನಾವೇ. ವರ್ಷದ ನಡುವೆ ಯಾರೋ ಅವನ ಕಣ್ಣು ಪರೀಕ್ಷೆ ಮಾಡಿಸಿದರು. ಹುಡುಗನಿಗೆ ಹತ್ತು ಅಡಿಯಾಚೆ ಏನೂ ಕಾಣುತ್ತಿರಲಿಲ್ಲ. ಸಮೀಪದೃಷ್ಟಿಯಲ್ಲಿ ವಂಶದ ಪಾಲು ಉಂಟು; ಆ ಮನೆತನದಲ್ಲಿ ಇಳಿದುಬಂದಿದ್ದುದು ಪ್ರಾಯಶಃ ಅದೇ. ಕನ್ನಡಕ ಬಂದ ಮೇಲೆ ಅವನು ಮೊದಲನೆಯ ದರ್ಜೆಯಲ್ಲೇನೂ ತೇರ್ಗಡೆಯಾಗಲಿಲ್ಲ, ತೇರ್ಗಡೆಯಾದನು, ಅಷ್ಟೇ. ಅಣ್ಣನ ಕಣ್ಣನ್ನು ಯಾರೂ ನೋಡಿರಲಿಲ್ಲ.

ಹಿಮ್ಮಡಿಯ ರಕ್ತಪರೀಕ್ಷೆ ನಮ್ಮ ದೇಶದಲ್ಲಿ ಇನ್ನೂ ಎಲ್ಲ ಶಿಶುಗಳಿಗೂ ನಡೆಯುತ್ತಿಲ್ಲ. ಅದೇ ರಕ್ತದಿಂದ ಥೈರಾಯಿಡ್ ಗ್ರಂಥಿಯ ಜನ್ಮಜಾತ ಕೊರತೆಯನ್ನೂ ಕಂಡುಹಿಡಿಯಬಹುದು. ನಮ್ಮಲ್ಲಿ ಇದು ಫೋಲಿಂಗನ ರೋಗಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಮೊದಲ ಕೆಲವು ವಾರಗಳೊಳಗೆ ತಿಳಿದರೆ ದಿನಕ್ಕೊಂದು ಸಣ್ಣ ಗುಳಿಗೆಯಿಂದ ಮಗುವಿನ ಬುದ್ಧಿ ಉಳಿಯುತ್ತದೆ. ಮನೆಯಲ್ಲಿ ಹೆರಿಗೆಯನ್ನು ನಿರೀಕ್ಷಿಸುತ್ತಿರುವವರು ಈ ಪರೀಕ್ಷೆಯ ವಿಷಯವನ್ನು ವೈದ್ಯರಲ್ಲಿ ಮುಂಚಿತವಾಗಿಯೇ ಕೇಳಿಟ್ಟುಕೊಳ್ಳುವುದು ಲೇಸು. ಮೂಗು ಯಾರದೆಂಬ ಚರ್ಚೆ ಮುಗಿಯುವವರೆಗೆ ಇದು ಕಾಯುವಂತಿಲ್ಲ.