ಕಾಶಿಯ ಓಣಿಗಳೂ ಯಾತ್ರಿಕರಾದ ನಾವೂ

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಕಾಶಿಯ ಹೆಸರು ಕೇಳದ ಕನ್ನಡದ ಮನೆಯಿಲ್ಲ. ಮದುವೆಯಲ್ಲಿ ವರನು ಕೊಡೆ ಹಿಡಿದು ಕಾಶಿಗೆ ಹೊರಡುತ್ತಾನೆ. ದೇವರ ಗೂಡಿನಲ್ಲಿ ಗಂಗೆಯ ಗಿಂಡಿ ಇರುತ್ತದೆ. ಹಿಂದೆ ಕಾಶಿಗೆ ಹೊರಟವರು ತಿರುಗಿ ಬಂದರೆ ಬಂದರು ಎಂಬಂತಿತ್ತು. ಈಗ ಹಾಗಿಲ್ಲ. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಕಾಶೀದರ್ಶನದ ವಿಶೇಷ ರೈಲು ಮೊದಲ ಬಾರಿಗೆ ಹೊರಟಿತು. ಎಂಟು ದಿನಗಳ ಪ್ರಯಾಣ. ತಲೆಗೆ 20,000 ರೂಪಾಯಿ ಖರ್ಚಿನಲ್ಲಿ 5,000 ರೂಪಾಯಿಗಳನ್ನು ಕರ್ನಾಟಕ ಸರ್ಕಾರ ಭರಿಸಿತು. ಬಡವರಿಗೂ ಕಾಶಿ ಹತ್ತಿರವಾದದ್ದು ಸಂತೋಷದ ವಿಷಯವೇ. ಆದರೆ ಇಷ್ಟು ಜನ ಒಂದೇ ಊರಿಗೆ ಹೋದಾಗ ಆ ಊರಿನವರಿಗೆ ಏನಾಗುತ್ತದೆ? ಇದನ್ನು ಈ ಹೊತ್ತು ವಿಚಾರ ಮಾಡೋಣ.

ಕಾಶಿಯಲ್ಲಿ ನಮ್ಮವರ ಗುರುತು ಹಳೆಯದು. ಗೋದೌಲಿಯಾದ ಬಳಿಯ ಜಂಗಮವಾಡಿ ಮಠ ವೀರಶೈವರ ಪಂಚಪೀಠಗಳಲ್ಲಿ ಒಂದು. ಹನುಮಾನ್ ಘಾಟಿನ ಮಗ್ಗುಲಲ್ಲಿ ಮೈಸೂರು ಸಂಸ್ಥಾನದವರು ಕಟ್ಟಿಸಿದ ಘಾಟ್ ಇದೆ. ಅದಕ್ಕೆ ಈಗ ಕರ್ನಾಟಕ ಘಾಟ್ ಎಂದು ಹೆಸರು. ಅದಕ್ಕೆ ಹೊಂದಿಕೊಂಡೇ ಹರಿಶ್ಚಂದ್ರ ಘಾಟ್. ರಾಘವಾಂಕನ ಕಾವ್ಯವನ್ನು ಬಲ್ಲವರಿಗೆ ಆ ಮಸಣದ ಪರಿಚಯ ಹೇಳಬೇಕಾಗಿಲ್ಲ. ಆದಕಾರಣ ಕಾಶಿಯ ಮಾತು ನಮಗೆ ಪರರ ಮಾತಲ್ಲ.

ಹಳೆಯ ಕಾಶಿ ಎಂದರೆ ಓಣಿಗಳ ಕಾಶಿ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಂಡು ನಿಲ್ಲಬೇಕಾದಷ್ಟು ಇಕ್ಕಟ್ಟು. ಕೆಳಗೆ ಅಂಗಡಿ, ಮೇಲೆ ಮನೆ, ಒಳಗೆ ಒಂದು ಪುಟ್ಟ ಗುಡಿ. ಒಂದೇ ಕಟ್ಟಡದಲ್ಲಿ ಯಜಮಾನನೂ ತಲೆಮಾರುಗಳಿಂದ ಬಾಡಿಗೆಗೆ ಇದ್ದವನೂ ಇರುತ್ತಿದ್ದರು. ಹೂವಿನವನು, ಹಾಲಿನವನು, ಪಂಡಾ, ಅಂಬಿಗ ಇವರೆಲ್ಲರ ಹೊಟ್ಟೆಪಾಡು ಆ ಓಣಿಗೇ ಅಂಟಿಕೊಂಡಿತ್ತು.

ಈಗಿನ ವಿಶ್ವನಾಥ ದೇವಾಲಯವನ್ನು 1780ರ ಸುಮಾರಿಗೆ ಇಂದೂರಿನ ಅಹಲ್ಯಾಬಾಯಿ ಹೋಳ್ಕರ್ ಕಟ್ಟಿಸಿದರು. ಅದರ ಸುತ್ತಲಿನ ಜಾಗ ಸುಮಾರು 3,000 ಚದರ ಅಡಿಯಷ್ಟೇ ಇತ್ತು. ದೇವಾಲಯದಿಂದ ಗಂಗೆಯವರೆಗೆ ದಾರಿ ಬಿಡಿಸುವ ಯೋಜನೆಗೆ 2019ರ ಮಾರ್ಚ್ 8ರಂದು ಶಂಕುಸ್ಥಾಪನೆಯಾಯಿತು. 2021ರ ಡಿಸೆಂಬರ್ 13ರಂದು ಉದ್ಘಾಟನೆಯಾಯಿತು. ಈಗ ಆವರಣ ಸುಮಾರು 5 ಲಕ್ಷ ಚದರ ಅಡಿ. ಅದಕ್ಕಾಗಿ 300ಕ್ಕೂ ಹೆಚ್ಚು ಆಸ್ತಿಗಳನ್ನು ಕೊಂಡು ಕೆಡವಲಾಯಿತು.

ಇದರಿಂದಾದ ಒಳಿತನ್ನು ಮರೆಮಾಚುವುದು ನ್ಯಾಯವಲ್ಲ. ಮೊದಲು ಹಬ್ಬದ ದಿನ ಆ ಓಣಿಗಳಲ್ಲಿ ನೂಕುನುಗ್ಗಲಿನಿಂದ ಉಸಿರು ಕಟ್ಟುತ್ತಿತ್ತು. ಮುದುಕರಿಗೂ ಕಾಲಿಲ್ಲದವರಿಗೂ ದರ್ಶನವೇ ದುರ್ಲಭವಾಗಿತ್ತು. ಈಗ ಅಗಲವಾದ ಅಂಗಳವಿದೆ. ಕೆಡವುವಾಗ ಮನೆಗಳ ಒಳಗೆ ಮುಚ್ಚಿಹೋಗಿದ್ದ ಸುಮಾರು 40 ಹಳೆಯ ಗುಡಿಗಳೂ ಬೆಳಕಿಗೆ ಬಂದವು.

ಆದರೆ ಲೆಕ್ಕದ ಪುಸ್ತಕದಲ್ಲಿ ಜಮೆ ಇದ್ದಂತೆ ಖರ್ಚೂ ಇರುತ್ತದೆ. ಲಾಹೋರಿನ ಕಡೆಯಿಂದ ಬಂದವರು ನೆಲೆಸಿದ್ದರಿಂದ ಲಾಹೋರಿ ಟೋಲಾ ಎಂದು ಹೆಸರಾಗಿದ್ದ ಹಳೆಯ ಕೇರಿ ಅಳಿಸಿಹೋಯಿತು. ವಾಚನಾಲಯದವರಾದ ನಮ್ಮ ಮನಸ್ಸಿಗೆ ನಾಟುವ ಸಂಗತಿ ಇನ್ನೊಂದು. 1872ರಲ್ಲಿ ಸ್ಥಾಪನೆಯಾದ ಕಾರ್ಮೈಕೇಲ್ ಗ್ರಂಥಾಲಯದ ಕಟ್ಟಡವೂ ಈ ಯೋಜನೆಗಾಗಿ ನೆಲಸಮವಾಯಿತು. ಅದರಲ್ಲಿ ಬಾಡಿಗೆಗೆ ಅಂಗಡಿ ಇಟ್ಟವರೂ ಇದ್ದರು. ಪುಸ್ತಕಗಳನ್ನು ಕಟ್ಟಿ ಬೇರೆಡೆಗೆ ಒಯ್ಯಬಹುದು. ಆದರೆ ಸಂಜೆ ಕೆಲಸ ಮುಗಿಸಿ, ದಾರಿಯಲ್ಲೇ ಇದೆಯೆಂದು ಒಳಗೆ ಬಂದು ಪತ್ರಿಕೆ ಓದುವವನನ್ನು ಕಟ್ಟಿ ಒಯ್ಯಲಾಗದು. ವಾಚನಾಲಯಕ್ಕೆ ಜಾಗವೇ ಅರ್ಧ ಪ್ರಾಣ.

ಪರಿಹಾರ ಕೊಡಲಿಲ್ಲವೇ ಎಂದು ಕೇಳಬಹುದು. ಕೊಟ್ಟರು. ಮನೆಯವರು, ಅಂಗಡಿಯವರು, ಬಾಡಿಗೆದಾರರು ಸೇರಿ ಸುಮಾರು 1,400 ಮಂದಿಗೆ ಪುನರ್ವಸತಿ ಕಲ್ಪಿಸಿದ್ದಾಗಿ ಸರ್ಕಾರ ಹೇಳಿದೆ. ಆದರೆ ಪರಿಹಾರದ ಹಣ ಗೋಡೆಯ ಬೆಲೆಯನ್ನು ಕಟ್ಟಬಲ್ಲದು, ಗಿರಾಕಿಯ ಬೆಲೆಯನ್ನು ಕಟ್ಟಲಾರದು. ಗುಡಿಯ ಬಾಗಿಲಲ್ಲಿ ಬಿಲ್ವಪತ್ರೆ ಮಾರುತ್ತಿದ್ದವನಿಗೆ ಊರ ಹೊರಗೆ ಮನೆ ದೊರೆತರೆ ತಲೆಗೆ ಸೂರಾಯಿತು, ವ್ಯಾಪಾರ ಹೋಯಿತು. ಯಜಮಾನನ ಕೈಯಲ್ಲಿ ಪತ್ರವಿದೆ. ಬಾಡಿಗೆದಾರನ ಕೈಯಲ್ಲಿ ಅನೇಕ ವೇಳೆ ಬಾಯಿಮಾತು ಮಾತ್ರ ಇರುತ್ತದೆ.

ಕೆಡವಿದ್ದು ಒಂದು ಕಡೆಯಾದರೆ, ಕೆಡವದೆಯೇ ಆಗುವ ಬದಲಾವಣೆ ಇನ್ನೊಂದು ಕಡೆ. ಸರ್ಕಾರದ ಲೆಕ್ಕದಂತೆ ವಾರಾಣಸಿಗೆ 2019ರಲ್ಲಿ ಬಂದವರು ಒಂದು ಕೋಟಿಗೂ ಕಡಿಮೆ. 2022ರಲ್ಲಿ 7 ಕೋಟಿಗೂ ಹೆಚ್ಚು. ಇಷ್ಟು ಜನಕ್ಕೆ ಮಲಗಲು ಜಾಗ ಬೇಕು. ಗುಮಾಸ್ತರಾದ ನಾವು ಇದನ್ನು ಲೆಕ್ಕದಿಂದಲೇ ತಿಳಿಯೋಣ. ಘಾಟಿನ ಹತ್ತಿರ ಒಂದು ಕೋಣೆಗೆ ಸಂಸಾರಸ್ಥನು ತಿಂಗಳಿಗೆ 4,000 ರೂಪಾಯಿ ಬಾಡಿಗೆ ಕೊಡುತ್ತಾನೆ ಎಂದಿಟ್ಟುಕೊಳ್ಳಿ. ಯಾತ್ರಿಕನು ರಾತ್ರಿಗೆ 1,000 ಕೊಟ್ಟರೆ ನಾಲ್ಕೇ ರಾತ್ರಿಗೆ ಅಷ್ಟು ಹಣ ಬಂತು. ಉಳಿದ ಇಪ್ಪತ್ತಾರು ರಾತ್ರಿ ಲಾಭ. ಯಜಮಾನನು ದುಷ್ಟನೇ ಆಗಬೇಕಾಗಿಲ್ಲ. ಲೆಕ್ಕವೇ ಬಾಡಿಗೆದಾರನನ್ನು ಹೊರಗೆ ನೂಕುತ್ತದೆ. ಸಂಸಾರಗಳು ಹೋದ ಮೇಲೆ ದಿನಸಿ ಅಂಗಡಿ ಹೋಗುತ್ತದೆ, ಹಿಂದೆಯೇ ಹಿಟ್ಟಿನ ಗಿರಣಿ, ಮಕ್ಕಳ ಶಾಲೆ ಬಡವಾಗುತ್ತವೆ. ಕೊನೆಗೆ ಉಳಿಯುವುದು ಹೋಟೆಲು, ಅಲಂಕಾರದ ಸಾಮಾನಿನ ಅಂಗಡಿ.

ಇದು ಕಾಶಿಯೊಂದರ ಕಥೆಯಲ್ಲ. ಇಟಲಿಯ ವೆನಿಸ್ಸಿನ ಹಳೆಯ ಊರಿನಲ್ಲಿ 1951ರಲ್ಲಿ ಸುಮಾರು 1,75,000 ಜನ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಬಂದು ಹೋಗುವವರ ಮೇಲೆ 2024ರ ಏಪ್ರಿಲ್ 25ರಿಂದ, ಗೊತ್ತುಪಡಿಸಿದ ದಿನಗಳಲ್ಲಿ, ಪ್ರವೇಶಶುಲ್ಕ ಹಾಕಲು ಆರಂಭಿಸಿದರು. ಶುಲ್ಕ ಹಾಕಿದರೆ ಹೋದವರು ತಿರುಗಿ ಬಂದಾರೆಯೇ? ನಮ್ಮ ಹಂಪೆಯಲ್ಲೂ 2011ರ ಜುಲೈಯಲ್ಲಿ ವಿರೂಪಾಕ್ಷನ ರಥಬೀದಿಯ ಮಂಟಪಗಳಲ್ಲಿ ವಾಸಿಸಿ ಅಂಗಡಿ ಇಟ್ಟಿದ್ದ ಕುಟುಂಬಗಳನ್ನು ಎಬ್ಬಿಸಿ, ಕಡ್ಡಿರಾಂಪುರದಲ್ಲಿ ನಿವೇಶನ ತೋರಿಸಿದರು. ಅಲ್ಲಿ ಸ್ಮಾರಕವನ್ನು ಉಳಿಸುವುದು ಅಗತ್ಯವಾಗಿತ್ತು. ಆದರೆ ಗಿರಾಕಿಗಳು ಅವರ ಜೊತೆ ಕಡ್ಡಿರಾಂಪುರಕ್ಕೆ ಹೋಗಲಿಲ್ಲ.

ಈ ಮಾತನ್ನು ನಿಮ್ಮ ಮುಂದೆ ಇಡಲು ಇನ್ನೂ ಒಂದು ಕಾರಣವಿದೆ. ನಾವು ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು. ನಮ್ಮಲ್ಲಿ ಹೆಚ್ಚಿನವರು ಬಾಡಿಗೆಯ ಬಿಡಾರದವರು. ಮುಂಬಯಿಯ ಗಿರಣಗಾವಿನಲ್ಲಿ 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ನೆಲದ ಮೇಲೆ ಮಾಲುಗಳೂ ಗಗನಚುಂಬಿ ಕಟ್ಟಡಗಳೂ ಎದ್ದವು. ಕಾಶಿಯಲ್ಲಿ ಯಾತ್ರೆಯ ಹೆಸರಿನಲ್ಲಿ ನೆಲದ ಬೆಲೆ ಏರಿದರೆ ಇಲ್ಲಿ ಬೇರೆ ಹೆಸರಿನಲ್ಲಿ ಏರುತ್ತದೆ. ಎಲ್ಲಿ ಏರಿದರೂ ಮೊದಲು ಗಂಟುಮೂಟೆ ಕಟ್ಟುವವನು ಬಾಡಿಗೆದಾರನೇ.

ಹಾಗಾದರೆ ಯಾತ್ರೆ ಬಿಡಬೇಕೇ? ಬೇಡ. ಯಾತ್ರಿಕರಿಲ್ಲದೆ ಕಾಶಿಯ ಅಂಬಿಗನೂ ಬದುಕಲಾರ. ಆದರೆ ಹೋಗುವ ರೀತಿಯಲ್ಲಿ ವಿವೇಕವಿರಲಿ. ಅನುಕೂಲವಿದ್ದರೆ ಮಠದಲ್ಲಿ, ಛತ್ರದಲ್ಲಿ ಇಳಿದುಕೊಳ್ಳಿ. ಅರ್ಧ ದಿನದಲ್ಲಿ ಎಲ್ಲವನ್ನೂ ಮುಗಿಸಿ ಓಡದೆ ಎರಡು ದಿನ ನಿಲ್ಲಿ. ದೊಡ್ಡ ವಿಹಾರ ನೌಕೆಗೆ ಕೊಡುವ ಹಣವನ್ನು ಚಿಕ್ಕ ದೋಣಿಯವನಿಗೆ ಕೊಡಿ; ಓಣಿಯ ಅಂಗಡಿಯಲ್ಲಿ ಕಚೋರಿ ತಿನ್ನಿ, ಹಾಲು ಕುಡಿಯಿರಿ. ಇನ್ನೊಬ್ಬರ ಮನೆಯ ಹೊಸ್ತಿಲು ನೋಟದ ವಸ್ತುವಲ್ಲವೆಂಬುದು ನೆನಪಿರಲಿ.

ಇನ್ನು ನಮ್ಮ ಬಿಡಾರದ ಮಾತು. ಬಾಡಿಗೆಯ ರಸೀದಿ, ದೀಪದ ಬಿಲ್ಲು, ರೇಷನ್ ಕಾರ್ಡು ಇವನ್ನು ಜೋಪಾನವಾಗಿ ಒಂದೆಡೆ ಇಡಿ. ಸರ್ವೆಗೆ ಬಂದವರು ಯಜಮಾನನ ಹೆಸರು ಮಾತ್ರ ಬರೆದುಕೊಂಡು ಹೋಗದಂತೆ ನೋಡಿಕೊಳ್ಳಿ. ಬರೆಯಲು ಓದಲು ತೊಡಕಾದವರು ಭಾನುವಾರ ಸಂಜೆ ಇಲ್ಲಿಗೆ ಕಾಗದಪತ್ರ ತಂದರೆ ಅರ್ಜಿ ಬರೆದುಕೊಡಲು ವಾಚನಾಲಯದ ಸ್ವಯಂಸೇವಕರಾದ ನಾವು ಸಿದ್ಧರಿದ್ದೇವೆ.

ಊರು ಚೆಂದವಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಚೆಂದವಾದ ಊರಿನಲ್ಲಿ ಅಲ್ಲಿಯವರೂ ಇರುವಂತಾಗಬೇಕು.