ಸೋಮಾರಿಗೆ ಸಾವಿರ ಉಪದೇಶ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ನನಗೆ ಕೊಟ್ಟಿರುವ ವಿಷಯ ಸೋಮಾರಿತನ. ಊಟಕ್ಕೆ ಮುಂಚೆಯೇ ಮಾತಾಡಿ ಮುಗಿಸಿ ಅಂತ ಕಾರ್ಯದರ್ಶಿಗಳ ಅಪ್ಪಣೆ. ಹೋಳಿಗೆ ಊಟ ಆದ ಮೇಲೆ ಇಟ್ಟಿದ್ದರೆ ಈ ವಿಷಯವನ್ನು ಮಾತಿನಲ್ಲಿ ಹೇಳುವ ಅಗತ್ಯವೇ ಇರುತ್ತಿರಲಿಲ್ಲ, ಪೆಂಡಾಲಿನ ತುಂಬ ಕಣ್ಣಾರೆ ನೋಡಬಹುದಿತ್ತು!

ನಮ್ಮ ಹಿರಿಯರು ಸೋಮಾರಿಗೆ ಬೇಕಾದಷ್ಟು ಗಾದೆ ಮಾಡಿಟ್ಟಿದ್ದಾರೆ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು, ಕೈ ಕೆಸರಾದರೆ ಬಾಯಿ ಮೊಸರು. ಮಜಾ ಏನೆಂದರೆ, ಈ ಗಾದೆಗಳನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುವವನು ಅರಳಿಕಟ್ಟೆ ಮೇಲೆ ಕೂತ ಸೋಮಾರಿಯೇ. ಕೈ ಕೆಸರಾದವನಿಗೆ ಗಾದೆ ಹೇಳೋಕೆ ಪುರಸೊತ್ತೆಲ್ಲಿ?

ಈಗಂತೂ ಉಪದೇಶಕ್ಕೆ ಬರವಿಲ್ಲ. ಪುಸ್ತಕದಂಗಡಿಯಲ್ಲಿ ಉಪದೇಶ, ಮೊಬೈಲಿನಲ್ಲಿ ಉಪದೇಶ. ಬೆಳಗ್ಗೆ ಐದಕ್ಕೆ ಏಳಬೇಕು ಅನ್ನುವ ಮಾತನ್ನು ನಮ್ಮ ಹುಡುಗರು ರಾತ್ರಿ ಒಂದು ಗಂಟೆವರೆಗೂ ಮಲಗಿಕೊಂಡೇ ಕೇಳಿ, ಬೆಳಗ್ಗೆ ಒಂಬತ್ತಕ್ಕೆ ಏಳುತ್ತಾರೆ. ಇಲ್ಲಿ ಕೂತಿರುವ ತಾಯಂದಿರು ಯಾವ ಪುಸ್ತಕವನ್ನೂ ಓದದೆ ನಸುಕಿಗೇ ಏಳುತ್ತಾರೆ. ಅವರಿಗೆ ಉಪದೇಶ ಮಾಡುವುದು ಹಸು. ಅದರ ಉಪದೇಶ ಒಂದೇ ಮಾತು, ‘ಅಂಬಾ!’

ಈ ಉಪದೇಶದ ಪುಸ್ತಕಗಳಿಗೆಲ್ಲ ಒಬ್ಬ ಮುತ್ತಾತನಿದ್ದಾನೆ. ಹೆಸರು ಸ್ಯಾಮ್ಯುಯೆಲ್ ಸ್ಮೈಲ್ಸ್, ಸ್ಕಾಟ್ಲೆಂಡಿನವನು. 1859ರಲ್ಲಿ ‘ಸೆಲ್ಫ್ ಹೆಲ್ಪ್’, ಅಂದರೆ ಸ್ವಸಹಾಯ, ಎಂಬ ಪುಸ್ತಕ ತಂದ. ಮೊದಲ ವರ್ಷವೇ 20,000 ಪ್ರತಿ ಖರ್ಚಾಯಿತು. ಆದರೆ ಅದು ಹುಟ್ಟಿದ್ದು ಹೇಗೆ ಗೊತ್ತೇ? ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಕೆಲವು ಬಡ ಯುವಕರು ಸಂಜೆ ಹೊತ್ತು ಕೂಡಿ, ಸ್ವಲ್ಪ ಬಲ್ಲವರು ಅದಕ್ಕಿಂತ ಕಡಿಮೆ ಬಲ್ಲವರಿಗೆ ಕಲಿಸುತ್ತಿದ್ದರು. ಜಾಗ ಸಾಲದಾದಾಗ, ಹಿಂದೆ ಕಾಲರಾ ಆಸ್ಪತ್ರೆಯಾಗಿದ್ದ, ಬೇರೆ ಯಾರೂ ಬಾಡಿಗೆಗೆ ಕೇಳದ ಒಂದು ಕೋಣೆ ಹಿಡಿದರು. ನಮಗೂ ನಾಲ್ಕು ಮಾತು ಹೇಳಿ ಅಂತ ಸ್ಮೈಲ್ಸನನ್ನು 1845ರಲ್ಲಿ ಕರೆದರು. ಆ ಭಾಷಣಗಳೇ ಬೆಳೆದು ಪುಸ್ತಕವಾದವು. ನಿನ್ನ ಉದ್ಧಾರ ನೀನೇ ಮಾಡಿಕೋ ಎನ್ನುವ ಪುಸ್ತಕ ಹುಟ್ಟಿದ್ದು ಹತ್ತು ಜನ ಕೂಡಿದ ಕೋಣೆಯಲ್ಲಿ! ಜನ ಪುಸ್ತಕ ಕೊಂಡರು, ಕೋಣೆಯನ್ನು ಮರೆತರು.

ಮರೆಯದವರೂ ಇದ್ದರು. ಅದೇ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 28 ಮಂದಿ ಸೇರಿ 1844ರ ಡಿಸೆಂಬರಿನಲ್ಲಿ ಹಿಟ್ಟು, ಬೆಣ್ಣೆ, ಸಕ್ಕರೆಯ ಸಣ್ಣ ಸಹಕಾರಿ ಅಂಗಡಿ ತೆರೆದರು. ನಮ್ಮಲ್ಲಿ 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರಿಗಾಗಿ ಸಹಕಾರ ಪತ್ತಿನ ಸಂಘ ಕಟ್ಟಿದರು. ಅವರು ರೈತನಿಗೆ ‘ಸೋಮಾರಿಯಾಗಬೇಡ’ ಅನ್ನಲಿಲ್ಲ, ಹೊತ್ತಿಗೆ ಸರಿಯಾಗಿ ಸಾಲ ಸಿಗುವ ಹಾಗೆ ಮಾಡಿದರು. ಬಿತ್ತನೆಗೆ ಬೀಜವಿಲ್ಲದೆ ಕಟ್ಟೆ ಮೇಲೆ ಕೂತವನನ್ನು ಸೋಮಾರಿ ಅನ್ನುವುದು ಪಾಪ. ಐದಕ್ಕೇ ಎದ್ದರೂ ಅವನು ಮಾಡುವುದೇನು, ಬರಿ ಹೊಲ ನೋಡುವುದೇ?

ಒಂಟಿ ಮನುಷ್ಯ ತನಗೆ ತಾನು ಕೊಟ್ಟ ಮಾತನ್ನು ಸುಲಭವಾಗಿ ಮುರಿಯುತ್ತಾನೆ, ಕೇಳುವವರು ಯಾರೂ ಇಲ್ಲವಲ್ಲ! ಸಂಘದಲ್ಲಿ ಹಾಗಾಗದು. ಹಾಲಿನ ಗಾಡಿ ಯಾರಿಗೂ ಕಾಯುವುದಿಲ್ಲ. ಒಂದು ದಿನ ತಪ್ಪಿದರೆ ಪಕ್ಕದ ಮನೆಯವರು, ‘ಯಾಕಪ್ಪಾ, ಹಸು ಹುಷಾರಾಗಿದೆಯಾ?’ ಅಂತ ಕೇಳುತ್ತಾರೆ. ಸೋಮಾರಿತನಕ್ಕೆ ಇದಕ್ಕಿಂತ ಒಳ್ಳೆ ಔಷಧಿ ಯಾವ ಪುಸ್ತಕದಲ್ಲೂ ಇಲ್ಲ.

ಆದರೆ ಸಂಘಕ್ಕೇ ಹತ್ತುವ ಸೋಮಾರಿತನ ಒಂದಿದೆ. ‘ನಾನೊಬ್ಬ ಹೋಗದಿದ್ದರೆ ಏನಾಯ್ತು?’ ರಾಜ ಕೊಳಕ್ಕೆ ಒಂದೊಂದು ಚೊಂಬು ಹಾಲು ಸುರಿಯಿರಿ ಅಂದಾಗ ಎಲ್ಲರೂ ಕತ್ತಲಲ್ಲಿ ನೀರೇ ಸುರಿದ ಕಥೆ ನಿಮಗೆಲ್ಲ ಗೊತ್ತು. ಪಾಪ, ಆ ರಾಜನ ಹತ್ತಿರ ಲ್ಯಾಕ್ಟೋಮೀಟರ್ ಇರಲಿಲ್ಲ. ನಮ್ಮ ಹತ್ತಿರ ಇದೆ. ಹಾಲಿಗೆ ನೀರು ಬೆರೆತರೆ ಅದು ಹೇಳುತ್ತೆ. ಸದಸ್ಯತ್ವಕ್ಕೆ ನೀರು ಬೆರೆತರೆ ಹೇಳುವುದು ಮಹಾಸಭೆಯ ಹಾಜರಿ ಪುಸ್ತಕ. ಅದನ್ನೊಮ್ಮೆ ತೆರೆದು ನೋಡಿ. ಲೆಕ್ಕ ಕೇಳುವವರಿಲ್ಲದ ಸಂಘ ಕಾಯುವವರಿಲ್ಲದ ಹೊಲದ ಹಾಗೆ, ಮೇಯುವವರಿಗೆ ಸೋಮಾರಿತನ ಇರುವುದಿಲ್ಲ.

ಹಾಗೇ ಮನೆಗೆ ಹೋಗಿ ಪಾಸ್ ಬುಕ್ಕನ್ನೂ ತೆರೆದು ನೋಡಿ. ಹುಲ್ಲು ಹೊತ್ತವರು ಯಾರು, ಸಗಣಿ ಬಾಚಿದವರು ಯಾರು, ಹಾಲು ಕರೆದವರು ಯಾರು? ಪುಸ್ತಕದಲ್ಲಿ ಇರುವ ಹೆಸರು ಯಾರದು? ಎರಡೂ ಒಂದೇ ಆಗಿದ್ದರೆ ಸಂತೋಷ. ಬೇರೆ ಬೇರೆ ಆಗಿದ್ದರೆ, ಮನೆಯಲ್ಲಿ ಸೋಮಾರಿ ಯಾರು ಅಂತ ನಾನು ಹೇಳಬೇಕಾಗಿಲ್ಲ. ಆ ತಾಯಿಯನ್ನೂ ಸದಸ್ಯಳನ್ನಾಗಿ ಮಾಡಿ, ಮಹಾಸಭೆಗೆ ಕರೆತನ್ನಿ.

ಹೋಳಿಗೆ ಆರುತ್ತಿದೆ. ಪಂಕ್ತಿಯಲ್ಲಿ ಜಾಗ ಹಿಡಿಯಲು ಯಾರೂ ಸೋಮಾರಿತನ ತೋರಿಸುವುದಿಲ್ಲ ಎಂಬ ಭರವಸೆ ನನಗಿದೆ. ಅದೇ ಹುರುಪು ಬರುವ ಮಹಾಸಭೆಗೂ ಇರಲಿ ಎಂದು ಹಾರೈಸುತ್ತೇನೆ.

ಜೈ ಸಹಕಾರ!