ಮೋಡ ಬಿತ್ತಿದರೆ ಹಿಮ ಹೆಚ್ಚುತ್ತದೆಯೇ?



ಮಕ್ಕಳಿಗೆ ವಿಜ್ಞಾನದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಮುಖ್ಯೋಪಾಧ್ಯಾಯರು ಕೇಳಿದ್ದಾರೆ. 2017ರಲ್ಲಿ ನಮ್ಮ ರಾಜ್ಯ ಸರ್ಕಾರ ‘ವರ್ಷಧಾರಿ’ ಹೆಸರಿನಲ್ಲಿ ಮೋಡ ಬಿತ್ತನೆ ಮಾಡಿಸಿತು. ಇಂಥ ಕೆಲಸ ಎಲ್ಲೇ ನಡೆಯಲಿ, ಒಂದು ಪ್ರಶ್ನೆ ಉಳಿಯುತ್ತದೆ: ಮಳೆ ಬಿತ್ತಿದ್ದರಿಂದ ಬಂತೋ, ತಾನಾಗಿಯೇ ಬಂತೋ? ಅಮೆರಿಕದ ವಯೋಮಿಂಗ್ ರಾಜ್ಯದವರು ಚಳಿಗಾಲದ ಹಿಮದ ವಿಷಯದಲ್ಲಿ ಇದಕ್ಕೆ ಉತ್ತರ ಹುಡುಕಿದ ಬಗೆಯನ್ನು ಹೇಳುತ್ತೇನೆ.

ಅಲ್ಲಿ ಬೆಟ್ಟದ ಮೇಲೆ ಬಿದ್ದ ಹಿಮ ಕರಗಿಯೇ ಹೊಳೆಗಳಿಗೆ ನೀರು ಬರುತ್ತದೆ. ಚಳಿಗಾಲದ ಮೋಡದಲ್ಲಿ ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದರೂ ಹೆಪ್ಪುಗಟ್ಟದ ನೀರಹನಿಗಳಿರುತ್ತವೆ. ಸಿಲ್ವರ್ ಅಯೋಡೈಡ್ ಕಣಗಳ ರಚನೆ ಮಂಜುಗಡ್ಡೆಯ ರಚನೆಯನ್ನು ಹೋಲುತ್ತದೆ. ಆ ಕಣ ಸಿಕ್ಕರೆ ಅದರ ಮೇಲೆ ಹಿಮದ ಹರಳು ಬೆಳೆಯುತ್ತದೆ. 1946ರಲ್ಲಿ ಬರ್ನಾರ್ಡ್ ವಾನೆಗಟ್ ಕಂಡುಕೊಂಡದ್ದು ಇದನ್ನೇ.

ಸರಿ, ಬಿತ್ತಿದೆವು, ಹಿಮ ಬಿತ್ತು. ಅಷ್ಟಕ್ಕೇ ಗೆದ್ದೆವು ಎನ್ನಬಹುದೇ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರಬಹುದು. ಹೋದ ವರ್ಷಕ್ಕೆ ಹೋಲಿಸೋಣವೆಂದರೆ, ಹಿಮ ವರ್ಷದಿಂದ ವರ್ಷಕ್ಕೆ ತಾನಾಗಿಯೇ ಬಹಳ ಏರಿಳಿಯುತ್ತದೆ.

ಅದಕ್ಕೇ ಅವರು ಮೆಡಿಸಿನ್ ಬೋ, ಸಿಯೆರಾ ಮಾದ್ರೆ ಎಂಬ ಅಕ್ಕಪಕ್ಕದ ಎರಡು ಬೆಟ್ಟಸಾಲು ಆರಿಸಿಕೊಂಡರು. ಎರಡರ ಮೇಲೂ ಬಿತ್ತನೆಗೆ ತಕ್ಕ ಮೋಡ ಬಂದಾಗ, ಯಾವುದಕ್ಕೆ ಬಿತ್ತಬೇಕೆಂದು ಚೀಟಿ ಎತ್ತಿದ ಹಾಗೆ ತೀರ್ಮಾನ. ನಾಲ್ಕು ಗಂಟೆ ಒಂದಕ್ಕೆ ಬಿತ್ತನೆ, ಇನ್ನೊಂದು ಹಾಗೆಯೇ. ಆಮೇಲೆ ಎರಡೂ ಕಡೆಯ ಹಿಮಮಾಪಕ ನೋಡುವುದು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಅರ್ಧ ಜನರಿಗೆ ಹಳೆಯ ಪುಟ, ಅರ್ಧ ಜನರಿಗೆ ಹೊಸ ಪುಟ ತೋರಿಸಿ ಹೀಗೆಯೇ ಪರೀಕ್ಷಿಸುತ್ತೇವೆ. ಆಯ್ಕೆ ನಮ್ಮ ಕೈಯಲ್ಲಿದ್ದರೆ ಒಳ್ಳೆಯ ಮೋಡವನ್ನೇ ಬಿತ್ತನೆಗೆ ಇಟ್ಟುಕೊಳ್ಳುವ ಆಸೆ ಹುಟ್ಟುತ್ತದೆ. ಚೀಟಿಗೆ ಆ ಆಸೆ ಇಲ್ಲ.

ಆರು ಚಳಿಗಾಲ ದುಡಿದು, 154 ಪ್ರಯೋಗಗಳಲ್ಲಿ ಅಳತೆ ಸರಿಯಿದ್ದ 118ನ್ನು ಲೆಕ್ಕಕ್ಕೆ ಹಿಡಿದರು. ಬಂದ ಹೆಚ್ಚಳ ಶೇಕಡಾ 3. ಬಿತ್ತನೆಯಿಂದ ಏನೂ ಆಗದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಂಭವ ನೂರಕ್ಕೆ 28. ಸಾಮಾನ್ಯವಾಗಿ ಇದು ನೂರಕ್ಕೆ 5ಕ್ಕಿಂತ ಕಡಿಮೆಯಿದ್ದರೆ ಮಾತ್ರ ವಿಜ್ಞಾನಿಗಳು ನಂಬುತ್ತಾರೆ. ಅಂದರೆ ಮುಖ್ಯ ಪರೀಕ್ಷೆಯಲ್ಲಿ ಬಿತ್ತನೆ ಗೆಲ್ಲಲಿಲ್ಲ. ಹಾಗೆಂದು ನಿಷ್ಪ್ರಯೋಜಕ ಎಂದೂ ಸಾಬೀತಾಗಲಿಲ್ಲ. ಕಂಪ್ಯೂಟರ್ ಮಾದರಿ ಮತ್ತಿತರ ವಿಶ್ಲೇಷಣೆ ಸೇರಿಸಿ, ಅನುಕೂಲವಾದ ಮೋಡಗಳಲ್ಲಿ ಶೇಕಡಾ 5ರಿಂದ 15 ಹೆಚ್ಚಬಹುದು ಎಂದರು. ಆದರೆ ಎಲ್ಲ ಮೋಡವೂ ಅನುಕೂಲದ್ದಲ್ಲ. ಆದ್ದರಿಂದ ಇಡೀ ಚಳಿಗಾಲದ ಲೆಕ್ಕದಲ್ಲಿ ಲಾಭ ಅದಕ್ಕಿಂತ ಕಡಿಮೆ.

2017ರ ಜನವರಿಯಲ್ಲಿ ಐಡಾಹೊ ರಾಜ್ಯದಲ್ಲಿ ವಿಮಾನ ಹಾರಿದ ದಾರಿಯುದ್ದಕ್ಕೂ ಹಿಮ ಮೂಡಿದ ಗೆರೆಗಳು ರೇಡಾರಿನಲ್ಲಿ ಕಂಡವು. ಬಿತ್ತನೆಯಿಂದ ಹಿಮ ಹುಟ್ಟುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಎಷ್ಟು ಹೆಚ್ಚುತ್ತದೆ, ಖರ್ಚಿಗೆ ತಕ್ಕಷ್ಟೇ ಎಂಬುದು ಬೇರೆ ಪ್ರಶ್ನೆ.

ತಮ್ಮ ತಂಗಿಯರೇ, ಬರ ಬಂದಾಗ ರೈತನ ಆಸೆ ದೊಡ್ಡದು, ಖರ್ಚಾಗುವುದು ಜನರ ತೆರಿಗೆ ಹಣ. ಯಾರಾದರೂ ‘ಇದರಿಂದ ಇಷ್ಟು ಲಾಭ’ ಎಂದರೆ, ‘ಮಾಡದಿದ್ದರೆ ಎಷ್ಟಾಗುತ್ತಿತ್ತು?’ ಎಂದು ವಿನಯದಿಂದ ಕೇಳಿ. ಕೇಳಲು ಹತ್ತನೇ ತರಗತಿಯ ಗಣಿತ ಸಾಕು.